ತಿಳಿನೀರಿನ ಬಣ್ಣ

“ಬೆಳ್ಳಿದು ಕಟ್ಟೋ ಸ್ವಪ್ನಿಲ್ಯಾ. ಮಳಿ ನಿಂತು ಎರಡ ತಿಂಗಳಾತು, ಹೊಳಿ ಕನ್ನಡಿ ಆಗಿರತೈತಿ,” ಎಂದ ಯಲ್ಲಾರಿ, ಕಬ್ಬಿನ ಹೊಲದ ಒಡ್ಡಿನ ಮೇಲೆ ಕೂತು.

ಸ್ವಪ್ನಿಲ್‌ನ ಮುಂದೆ ಡಬ್ಬಿ ತೆರೆದಿತ್ತು. ಗಾಳಕ್ಕೆ ಕಟ್ಟುವ ರಬ್ಬರ್ ಮೀನುಗಳು: ಬೆಳ್ಳಿ, ಹಸಿರು, ಹಳದಿ. ಯಾವ ನೀರಿಗೆ ಯಾವ ಬಣ್ಣ ಎಂದು ಕಲಿಸಿದವನು ಈ ಸೋದರಮಾವನೇ. ತಿಳಿನೀರಿಗೆ ಬೆಳ್ಳಿ, ರಾಡಿಗೆ ಹಳದಿ. ತಪ್ಪಿದರೆ ಮೀನಿನ ಕಣ್ಣಿಗೆ ಬೀಳುವುದಿಲ್ಲ. ಹಿಡಿದ ಮೀನನ್ನು ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಮಾರಿ ಮಾರಿ, ಮಾವನ ಹೆಂಡತಿ ಕಾಡವ್ವ ಅವನನ್ನು ಬಿ.ಎಸ್ಸಿ. ತನಕ ಓದಿಸಿದ್ದಳು. ಈಗ ಅವನು ಹೊಳೆಯ ಮೇಲುಗಡೆಯ ಸಕ್ಕರೆ ಕಾರ್ಖಾನೆಯಲ್ಲಿ ಹೊರಬಿಡುವ ನೀರು ಪರೀಕ್ಷಿಸುತ್ತಾನೆ.

ಅವನ ಬೆರಳುಗಳು ಹಳದಿಯನ್ನು ಎತ್ತಿ ಕಟ್ಟಿಬಿಟ್ಟವು.

“ಪಗಾರ ಬರಾಕತ್ತಿದ ಮ್ಯಾಲ ಬಣ್ಣಾನೂ ಮರತಿಯೇನ?” ಬುಟ್ಟಿ ಹೊತ್ತ ಕಾಡವ್ವ ನಕ್ಕಳು.

“ಇರ್ಲಿ ಬಿಡ ಅತ್ತಿ.”

ಕಬ್ಬು ದಾಟಿ ಇಳಿದರು. ಆಗ ಹೊಳೆ ಕಂಡಿತು. ಸಕ್ಕರೆ ತೆಗೆದುಳಿದ ಕಾಕಂಬಿ ಕದಡಿದಂಥ ಕಪ್ಪು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಕಾಡವ್ವ ಬಗ್ಗಿ ಬರಿಗೈಯಲ್ಲೇ ಒಂದನ್ನು ಎತ್ತಿದಳು. ಅದು ಒದ್ದಾಡಲಿಲ್ಲ.

ಯಲ್ಲಾರಿ ಹೊಳೆ ನೋಡಿದ. ಆಮೇಲೆ ಅಳಿಯನ ಕೈಯಲ್ಲಿದ್ದ ಹಳದಿಯನ್ನು ನೋಡಿದ.

“ನೀರು ನೋಡೂಕಿಂತ ಮೊದ್ಲ ಹಳದಿ ಕಟ್ಟಿದಿ ನೀ.”

ಸ್ವಪ್ನಿಲ್ ಹಳದಿಯನ್ನು ಮುಷ್ಟಿಯಲ್ಲಿ ಮುಚ್ಚಿದ. “ಕಾರ್ಖಾನಿ ಹೊಲಸ ನೀರು ನಿನ್ನಿ ಸಂಜಿಮುಂದ ಬಿಟ್ರು, ಮಾಮಾ.”

“ಮತ್ತ ವರದಿಯಾಗ ನೀ ಏನ್ ಬರದಿ?”

“ನೀರು ತಿಳಿ ಐತಿ ಅಂತ.”

“ಕುತ್ತಿಗಿ ಹಿಡದು ಬರಿಸಿದ್ರೇನು?”

“ಇಲ್ಲ.” ಸುಳ್ಳು ಹೇಳಬಹುದಿತ್ತು. “ಸಾಹೇಬ್ರು ಪೆನ್ನ ಕೊಟ್ರು. ಅಷ್ಟ.”

ಬೈಗುಳ ಬಂದಿದ್ದರೆ ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ಕಾಡವ್ವ ಕೈಯಲ್ಲಿದ್ದ ಮೀನನ್ನು ನೀರಿಗೆ ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು.

ಯಲ್ಲಾರಿ ಅವನ ಕೈಯಿಂದ ಗಾಳದ ಕೋಲು ತಗೊಂಡ. ಹಳದಿಯನ್ನು ಬಿಚ್ಚಿ ಡಬ್ಬಿಗೆ ಹಾಕಿದ. ಬೆಳ್ಳಿಯನ್ನು ಕಟ್ಟಿ, ಗಂಟನ್ನು ಹಲ್ಲಿನಿಂದ ಬಿಗಿದು, ಕೋಲನ್ನು ವಾಪಸು ಕೊಟ್ಟ.

“ಒಗಿ. ನೀ ಬರದಂಗ ತಿಳಿ ಐತಲ್ಲ.”

ಸ್ವಪ್ನಿಲ್ ಎಸೆದ. ಬೆಳ್ಳಿಮೀನು ಬಿಸಿಲಲ್ಲೊಮ್ಮೆ ಮಿಂಚಿ ನೀರಿಗೆ ಬಿತ್ತು. ಗೇಣುದ್ದ ಇಳಿಯುವುದರೊಳಗೆ ಕಾಣದಾಯಿತು. ಅವನು ದಾರ ಸುತ್ತತೊಡಗಿದ. ಮಾವ ಕದಲದೆ ನಿಂತು, ಬೆಳ್ಳಿಮೀನು ಮೇಲೇಳುವ ಜಾಗವನ್ನೇ ನೋಡುತ್ತಿದ್ದ.