ಸೀರುಡಿಕೆಯ ಸಾಕ್ಷಿಗಳು

ಪಾಸ್‌ಪೋರ್ಟಿನ ಅರ್ಜಿಯಲ್ಲಿ ಗಂಡನ ಹೆಸರಿಗೆಂದು ಇರುವುದು ಒಂದೇ ಒಂದು ಗೆರೆ. ಆ ಗೆರೆ ತುಂಬಿಸಲು ದುಗ್ಗಮ್ಮ ಮೇಳಿಗೆಯಿಂದ ತೀರ್ಥಹಳ್ಳಿಗೆ ನಾಲ್ಕು ಸಲ ಬಸ್ಸು ಹತ್ತಿ ಇಳಿದಿದ್ದಳು. ಗಂಡ ವಾಸಪ್ಪ ಮಸ್ಕತ್ತಿನಲ್ಲಿದ್ದ. ಹುಲಿಕಲ್ ಘಾಟಿಯಲ್ಲಿ ಲಾರಿ ಇಳಿಸುತ್ತಿದ್ದವನು ಈಗ ಅಲ್ಲಿನ ಕಂಪನಿಯೊಂದರ ದೊಡ್ಡ ಗಾಡಿ ಓಡಿಸುತ್ತಿದ್ದ. ಕಂಪನಿಯವರು ಮನೆ ಕೊಟ್ಟು, ಹೆಂಡತಿ ಮಗಳನ್ನು ಕರೆಸಿಕೋ ಎಂದಿದ್ದರು. ಆರು ತಿಂಗಳೊಳಗೆ ಬರದಿದ್ದರೆ ಆ ಮನೆ ಬೇರೆಯವರ ಪಾಲು. ನಾಲ್ಕು ತಿಂಗಳು ಆಗಲೇ ಕಳೆದಿತ್ತು. ಹೆಂಡತಿ ಹೌದು ಎನ್ನುವುದಕ್ಕೆ ಇನ್ನೂ ಒಂದು ಚೂರು ಕಾಗದ ಸಿಕ್ಕಿರಲಿಲ್ಲ.

ಸಿಗುವುದಾದರೂ ಎಲ್ಲಿಂದ? ಮೊದಲ ಗಂಡ ಸತ್ತ ಮೇಲೆ, ಎಪ್ಪತ್ತೈದನೇ ಇಸವಿಯಲ್ಲಿ, ವಾಸಪ್ಪನೊಂದಿಗೆ ಅವಳಿಗೆ ಆದದ್ದು ಸೀರುಡಿಕೆ. ಗಂಡ ಸತ್ತವಳು ಮತ್ತೆ ಸಂಸಾರ ಹೂಡುವುದಾದರೆ ಆ ಕಡೆ ಹೀಗೆಯೇ. ಚಪ್ಪರವಿಲ್ಲ, ವಾಲಗವಿಲ್ಲ, ಲಗ್ನಪತ್ರಿಕೆಯಿಲ್ಲ. ಗಂಡಸರು ಜಗಲಿಯಲ್ಲಿ ಬೆನ್ನು ಹಾಕಿ ಕೂರಬೇಕು, ಮುತ್ತೈದೆಯರು ಅತ್ತ ತಲೆಯೂ ಹಾಕಬಾರದು. ಹಿಂದಿನ ಕೋಣೆಯಲ್ಲಿ ಹೊಸ ಸೀರೆ ಉಡಿಸಿ, ಗಂಡಿನ ಪಕ್ಕ ಕೂರಿಸಿ, ಕರಿಮಣಿ ಕಟ್ಟಿಸುವವರೂ ಗಂಡ ಸತ್ತವರೇ. ಎಂಥ ಅಚ್ಚುಕಟ್ಟು ನೋಡಿ! ಹೆಣ್ಣು ಮನೆಗೆ ಬರಬೇಕು, ಗದ್ದೆಗಿಳಿಯಬೇಕು, ಹೆರಬೇಕು. ಬಂದದ್ದನ್ನು ಮಾತ್ರ ಯಾರೂ ನೋಡಿರಬಾರದು.

ತೀರ್ಥಹಳ್ಳಿಯ ತಾಲ್ಲೂಕು ಕಚೇರಿಯ ಗುಮಾಸ್ತ ಸುಂದರೇಶ ಕೆಟ್ಟವನಲ್ಲ. ಕಾಗದವಿಲ್ಲದೆ ಕೈಕಾಲು ಆಡದವನು, ಅಷ್ಟೆ.

“ಮನೆ ಯಜಮಾನರ ಹತ್ರ ಒಂದು ಹೇಳಿಕೆ ಬರೆಸ್ಕೊಂಡು ಬನ್ನಿ ಅಮ್ಮ. ಜೊತೆಗೆ ಕಣ್ಣಾರೆ ಕಂಡ ಐದು ಜನರ ಸಾಕ್ಷಿ. ಅದಾಗಲ್ಲ ಅಂದ್ರೆ ಸುಲಭದ ದಾರಿ ಇದೆ. ನಿಮ್ಮೆಜಮಾನ್ರು ರಜಕ್ಕೆ ಬಂದಾಗ ದೇವಸ್ಥಾನದಲ್ಲಿ ಒಂದು ತಾಳಿ ಕಟ್ಟಿಸಿ ರಿಜಿಸ್ಟರ್ ಮಾಡಿಸ್ಬಿಡಿ.”

“ಯಾವ ತಾರೀಕು ಬರೀತೀರಿ ಸ್ವಾಮಿ?”

“ಅವತ್ತಿಂದೇ.”

“ನನ್ನ ಲಕ್ಷ್ಮೀಗೆ ಈಗ ಆರು ವರ್ಷ. ಅವಳು ಮದುವೆಗೆ ಮುಂಚೆ ಹುಟ್ಟಿದೋಳು ಅಂತ ನಾನೇ ಬರೆಸಿಕೊಡ್ಲಾ?”

ಸುಂದರೇಶ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ.

ಮನೆಯ ಯಜಮಾನ ಎಂದರೆ ವಾಸಪ್ಪನ ಅಣ್ಣ ಮಂಜಯ್ಯ. ಅವನು ಎಲೆ ಅಡಿಕೆ ಮೆಲ್ಲುತ್ತ ಎಲ್ಲ ಕೇಳಿಸಿಕೊಂಡ.

“ಅವತ್ತು ನಾನು ಬೆನ್ನು ಹಾಕಿ ಕೂತಿದ್ದೆ. ನೋಡದೇ ಇದ್ದದ್ದಕ್ಕೆ ಸಹಿ ಹಾಕು ಅಂದ್ರೆ ಹೆಂಗೆ?”

“ಏಳು ವರ್ಷದಿಂದ ಈ ಮನೇಲಿ ಉಣ್ತಿದೀನಲ್ಲ ಭಾವ, ಅದನ್ನಾದ್ರೂ ನೋಡಿದೀರಲ್ಲ?”

“ಉಣ್ಣೋದು ಬೇರೆ. ಸೀರುಡಿಕೆನೇ ಮದುವೆ ಅಂತ ಸರಕಾರಕ್ಕೆ ಬರ್ಕೊಟ್ರೆ, ನಾಳೆ ನನ್ನ ಮಗಳನ್ನ ಕೇಳೋಕೆ ಬರೋರು ಏನಂದಾರು? ನಿಂಗೆ ಇಲ್ಲೇನು ಕಡಿಮೆಯಾಗಿದೆ? ಸುಮ್ನೆ ಬಿದ್ದಿರು.”

ದುಗ್ಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅತ್ತರೆ ಇವನಿಗೆ ಸುಲಭವಾಗುತ್ತದೆ ಎಂದು ಅಳಲಿಲ್ಲ.

“ಸುಮ್ನಿರಲ್ಲ ಭಾವ. ನೀವು ನೋಡ್ಲಿಲ್ಲ ಅಂದ ಮಾತ್ರಕ್ಕೆ ಆಗಿಲ್ಲ ಅಂತಲ್ಲ. ನೋಡಿದೋರು ಇದಾರೆ” ಎಂದು ಅಂಗಳ ಇಳಿದಳು.

ನೋಡಿದವರು ಐವರು. ನಾಲ್ವರ ಮನೆಗಳಿಗೂ ಅವಳು ಅವತ್ತೇ ಹೋದಳು. ಬಾಗಿಲಲ್ಲಿ ಎದುರಾದರೆ ಹೊರಟವರು ಹಿಂದಕ್ಕೆ ಬಂದು ನೀರು ಕುಡಿದು ಮತ್ತೆ ಹೊರಡುತ್ತಾರಲ್ಲ, ಅಂಥವರು. “ಒಳ್ಳೆ ಕೆಲಸಕ್ಕೆ ನಮ್ಮನ್ನ ಮುಂದಿಟ್ಕೊಂಡು ಹೋಗ್ತೀಯೇನೇ, ತಲೆ ಸರಿ ಇದೆಯಾ?” ಎಂದಳು ಮೂಕಮ್ಮ. “ನಿಮ್ಮಷ್ಟು ನನ್ನ ಒಳ್ಳೇದು ಕಂಡೋರು ಈ ಊರಲ್ಲಿ ಯಾರಿದಾರೆ?” ಎಂದಳು ದುಗ್ಗಮ್ಮ. ಮೂಕಮ್ಮ ಮುಖ ತಿರುಗಿಸಿ ಮೂಗು ಒರೆಸಿಕೊಂಡು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಐದನೆಯವಳು ಅತ್ತೆ ಜಲಜಮ್ಮ, ಮಂಜಯ್ಯನ ಹೆತ್ತ ತಾಯಿ. ಅವಳನ್ನು ಕೇಳುವ ಧೈರ್ಯ ದುಗ್ಗಮ್ಮನಿಗೆ ಬರಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಬೆಳಿಗ್ಗೆ ಬಸ್ಸಿಗೆ ಬಂದರೆ ಮುದುಕಿ ಎಲ್ಲರಿಗಿಂತ ಮೊದಲೇ ಬಂದು ಕೋಲೂರಿ ನಿಂತಿದ್ದಳು. ವಿಷಯ ತಿಳಿದು ಓಡಿಬಂದ ಮಂಜಯ್ಯನೂ, ತಾಯಿಯನ್ನು ತಡೆಯಲಾಗದೆ, ಅದೇ ಬಸ್ಸು ಹತ್ತಿದ.

ಐವರು ಗಂಡ ಸತ್ತ ಹೆಂಗಸರು ಒಟ್ಟಿಗೆ ಕಚೇರಿಯ ಮೆಟ್ಟಿಲು ಹತ್ತಿದ್ದು ಕಂಡು, ಅಲ್ಲಿ ಕಾದಿದ್ದ ಜನ ಪಕ್ಕಕ್ಕೆ ಸರಿದರು. ಅದು ಮರ್ಯಾದೆಯಿಂದಲ್ಲ ಎಂದು ದುಗ್ಗಮ್ಮನಿಗೆ ಗೊತ್ತಿತ್ತು. ಆದರೂ ದಾರಿ ಸಿಕ್ಕಿತಲ್ಲ.

“ಕಣ್ಣಾರೆ ಕಂಡ ಐದು ಜನ” ಎಂದಳು.

ಸುಂದರೇಶ ಬಾಯಿ ತೆರೆಯುವ ಮೊದಲೇ ಮಂಜಯ್ಯ ನಕ್ಕ. “ಮದುವೆ ಸಾಕ್ಷಿಗೆ ಇವರಾ? ಊರೆಲ್ಲ ನಗ್ತದೆ. ಬರ್ಕೋಬೇಡಿ ಸಾರ್, ಅದು ಮದುವೆಯೇ ಅಲ್ಲ. ಯಜಮಾನ ನಾನು ಹೇಳ್ತಿದೀನಿ.”

ಜಲಜಮ್ಮ ಕೋಲನ್ನು ಮೇಜಿಗೆ ಒರಗಿಸಿದಳು.

“ಹಂಗಾದ್ರೆ ಇನ್ನೊಂದೂ ಬರ್ಕೊಳ್ಳಿ ಸ್ವಾಮಿ. ನಾನು ಹುಲಿಕಲ್ ಕಡೆಯೋಳು. ಹದಿನೇಳಕ್ಕೆ ಗಂಡ ಸತ್ತ. ಇವರಪ್ಪ ನನ್ನನ್ನ ಈ ಮನೆಗೆ ತಂದಿದ್ದೂ ಸೀರುಡಿಕೆ ಮಾಡ್ಕೊಂಡೇ. ಅದು ಮದುವೆ ಅಲ್ಲ ಅಂದ್ರೆ, ಈ ಮಂಜಯ್ಯ ಯಜಮಾನ ಆಗಿದ್ದು ಹೆಂಗೆ ಅಂತ ಅವನನ್ನೇ ಕೇಳಿ ಬರ್ಕೊಳ್ಳಿ.”

ಮಂಜಯ್ಯನಿಗೆ ಈ ಸಂಗತಿ ಗೊತ್ತಿರಲಿಲ್ಲವೆಂದಲ್ಲ. ಯಾರಾದರೂ ಬಾಯಿಬಿಟ್ಟು ಹೇಳಿಯಾರೆಂದು ಗೊತ್ತಿರಲಿಲ್ಲ. “ಅವ್ವ...” ಎಂದ.

“ಅವ್ವ ಅಂತೀಯಲ್ಲ, ಸಹಿ ಹಾಕು” ಎಂದಳು ಮುದುಕಿ.

ಹಾಕಿದ. ಅದಕ್ಕೂ ಮುಂಚೆ ಸುಂದರೇಶ ಹೇಳಿಕೆ ಬರೆಯುತ್ತ ಸಂಬಂಧ ಏನೆಂದು ಕೇಳಿದಾಗ ಮಂಜಯ್ಯ ತಡವರಿಸಿದ. “ತಮ್ಮನ ಹೆಂಡತಿ ಅನ್ನಿ ಭಾವ, ಕೇಳೋ ಹಂಗೆ” ಎಂದಳು ದುಗ್ಗಮ್ಮ. ಅವನು ಕೇಳುವ ಹಾಗೆಯೇ ಹೇಳಿದ. ತಾರೀಕಿನ ಜಾಗದಲ್ಲಿ ಎಪ್ಪತ್ತೈದು ಎಂದು ಬಿತ್ತು. ಲಕ್ಷ್ಮೀ ಅಪ್ಪ ಅಮ್ಮನ ಮದುವೆಯ ಮರುವರ್ಷ ಹುಟ್ಟಿದ ಮಗಳಾದಳು.

ಒಬ್ಬೊಬ್ಬರಾಗಿ ಐವರೂ ಹೆಬ್ಬೆಟ್ಟು ಒತ್ತಿದರು. ಸುಂದರೇಶ ಶಾಯಿ ಒರೆಸಿಕೊಳ್ಳಲು ಬಟ್ಟೆಯ ಚೂರೊಂದನ್ನು ಮುಂದೆ ಚಾಚಿದ. ಮೂಕಮ್ಮ ಅದಕ್ಕೆ ಕೈ ಹಾಕಿದ್ದಳು. ಜಲಜಮ್ಮ ಆ ಕೈ ಹಿಡಿದುಕೊಂಡಳು.

“ಒರೆಸ್ಬೇಡ ಕಣೇ. ಇರ್ಲಿ. ಊರೋರು ನೋಡ್ಲಿ.”

ಮಧ್ಯಾಹ್ನದ ಬಸ್ಸಿನಲ್ಲಿ ಐವರೂ ಎಲ್ಲರ ಎದುರಿಗೆ ಮುಂದಿನ ಸೀಟುಗಳಲ್ಲೇ ಕೂತು, ನೀಲಿ ಹೆಬ್ಬೆರಳುಗಳನ್ನು ಮಡಿಲ ಮೇಲಿಟ್ಟುಕೊಂಡು ಮೇಳಿಗೆಗೆ ಬಂದು ಇಳಿದರು.