ಪೆರಿನಾ ಹೇಳಿದ ಸಾಕ್ಷಿ

ನನ್ನ ಗಂಡ ಯೆರ್ಕೊ ಇಪ್ಪತ್ತಾರು ವರ್ಷ ನಮ್ಮೂರ ಕಾರ್ಖಾನೆಯಲ್ಲಿ ಆಸ್ಬೆಸ್ಟಾಸ್ ಪೈಪುಗಳ ಅಂಚು ಕೊಯ್ದ. ಎಪ್ಪತ್ತೆರಡು ದಾಟಿದರೂ ಇವತ್ತಿಗೂ ದೋಣಿಯನ್ನು ಒಬ್ಬನೇ ದಡಕ್ಕೆ ಎಳೆಯುತ್ತಾನೆ. ಕಾರ್ಖಾನೆಯ ಗೇಟು ಒಂದು ದಿನವೂ ದಾಟದ ನನ್ನ ಎದೆಯಲ್ಲಿ ಆ ಪೈಪಿನ ಧೂಳಿನ ಕ್ಯಾನ್ಸರ್ ಕೂತಿದೆ. ಸ್ಪ್ಲಿಟ್ ನಗರದ ಡಾಕ್ಟರು ಎಕ್ಸ್‌ರೇ ನೋಡಿ, "ಗಂಡನ ಕೆಲಸದ ಬಟ್ಟೆ ಯಾರು ಒಗೀತಿದ್ರು?" ಎಂದು ಕೇಳಿದರು. "ಇನ್ಯಾರು ಒಗೀತಾರೆ, ನಾನೇ!" ಎಂದೆ. ದೇವರೇ, ಆಗಲೂ ನನಗೆ ಹೆಮ್ಮೆ.

ಕಾರ್ಖಾನೆಯಲ್ಲಿ ಬಟ್ಟೆ ಒಗೆಯುವ ಮನೆ ಇರಲಿಲ್ಲವೆಂದಲ್ಲ. ಶುಕ್ರವಾರ ಕೊಟ್ಟರೆ ಸೋಮವಾರಕ್ಕೆ ಮಡಿಯಾಗಿ ಸಿಗುತ್ತಿತ್ತು. ಆದರೆ ಅಲ್ಲಿಗೆ ಬಟ್ಟೆ ಹಾಕುತ್ತಿದ್ದವರು ಮದುವೆಯಾಗದವರು, ಹೆಂಡತಿ ಸತ್ತವರು, ಹೆಂಡತಿ ಬಿಟ್ಟುಹೋದವರು. ಮನೆಯಲ್ಲಿ ಹೆಂಡತಿ ಇದ್ದೂ ಹಾಕಿದ ಗಂಡಸು ಸಂಜೆ ವೈನ್ ಅಂಗಡಿಯಲ್ಲಿ ತಲೆಯೆತ್ತುವಂತಿರಲಿಲ್ಲ. ಹಾಗಾಗಿ ನಮ್ಮ ಗಂಡಸರು ನಿಯಮದ ಹೆಸರಿಗೆ ಮೇಸ್ತ್ರಿಯ ಪುಸ್ತಕದಲ್ಲಿ 'ಕೊಟ್ಟಿದ್ದೇನೆ' ಎಂದು ಸಹಿ ಹಾಕಿ, ಬಟ್ಟೆಯನ್ನು ಗಂಟು ಕಟ್ಟಿ ಮನೆಗೆ ತರುತ್ತಿದ್ದರು. ನಾನು ತಾರಸಿಯಲ್ಲಿ ನಿಂತು ಕೊಡವುತ್ತಿದ್ದೆ, ಗೋಡೆಗೆ ಬಡಿಯುತ್ತಿದ್ದೆ. ಜರಡಿ ಹಿಡಿದ ಹಿಟ್ಟಿನಂತೆ ಧೂಳು ಸುರಿಯುತ್ತಿತ್ತು. ಆಮೇಲೆ ಒಗೆದು, ಬಂದರಿನ ದಾರಿಯವರಿಗೆಲ್ಲ ಕಾಣುವ ಹಾಗೆ ಒಣಗಹಾಕುತ್ತಿದ್ದೆ.

ಎದುರು ಮನೆಯ ಪೆರಿನಾ ಮಾತ್ರ ಗಂಡ ಶಿಮೆಯ ಬಟ್ಟೆಯನ್ನು ಹೊಸಿಲು ದಾಟಿಸುತ್ತಿರಲಿಲ್ಲ. "ಏನೇ ಪೆರಿನಾ, ನಿನ್ನ ಶಿಮೆಗೆ ಇನ್ನೂ ಮದುವೆ ಆಗಿಲ್ವೇನೇ?" ಎಂದು ತಾರಸಿಯಿಂದಲೇ ಕೂಗುತ್ತಿದ್ದೆ. ಕೇರಿಯೆಲ್ಲ ನಗುತ್ತಿತ್ತು. ಜನರನ್ನು ನಗಿಸುವುದರಲ್ಲಿ ನಾನು ಎತ್ತಿದ ಕೈ. ಮೈಗಳ್ಳಿ ಎಂಬ ಹೆಸರು ಅವಳಿಗೆ ಅಂಟಿದ್ದೂ ನನ್ನಿಂದಲೇ.

ಕಾರ್ಖಾನೆ ಮುಚ್ಚಿದರೂ ಕಂಪನಿ ಇತ್ತು, ಅದರ ವಕೀಲರೂ ಇದ್ದರು. ಕಾರ್ಮಿಕರ ಮನೆಯವರಿಗೂ ದಾವೆ ಹೂಡುವ ಹಕ್ಕಿದೆ ಎಂದು ನಮ್ಮ ವಕೀಲೆ ಧೈರ್ಯ ಕೊಟ್ಟಳು. ಪರಿಹಾರದ ಆಸೆ ನನಗೇನೂ ಇರಲಿಲ್ಲ. ನನ್ನನ್ನು ಕೊಂದವರು ಇವರು ಎಂದು ಸಾಯುವ ಮೊದಲು ಒಂದು ಸರ್ಕಾರಿ ಕಾಗದದಲ್ಲಿ ಓದಬೇಕಿತ್ತು. ಆದರೆ ಕಂಪನಿಯ ವಕೀಲ ಮೇಸ್ತ್ರಿಯ ಪುಸ್ತಕ ತಂದು ನ್ಯಾಯಾಧೀಶರ ಮುಂದಿಟ್ಟ. ಪುಟಪುಟದಲ್ಲೂ ಯೆರ್ಕೊನ ಸಹಿ.

"ಸಹಿ ನಂದೇ. ಆದ್ರೆ ಬಟ್ಟೆ ಕೊಟ್ಟಿದ್ದು ಸುಳ್ಳು," ಎಂದ ಯೆರ್ಕೊ.

"ಇಪ್ಪತ್ತಾರು ವರ್ಷ ಸುಳ್ಳು ಬರೆದೋರು ಇವತ್ತು ನಿಜ ಹೇಳ್ತಿದೀರಿ ಅಂತ ಹೇಗೆ ನಂಬೋದು?" ಎಂದ ವಕೀಲ.

ಯೆರ್ಕೊ ಕಿವಿ ಕೆಂಪಗೆ ಮಾಡಿಕೊಂಡು ಕೂತುಬಿಟ್ಟ. ನಾನು ಒಗೆಯುವುದನ್ನು ಕಂಡವರೆಲ್ಲ ಸ್ಮಶಾನ ಸೇರಿದ್ದರು. ಉಳಿದಿದ್ದವಳು ಪೆರಿನಾ ಒಬ್ಬಳೇ.

ಅವಳ ಮನೆಯ ಆರು ಮೆಟ್ಟಿಲು ಹತ್ತಲು ನಾನು ಮೂರು ಸಲ ಕೂತೆ. ಅವಳು ಅಂಗಳದಲ್ಲಿ ಮೀನು ಹಸನು ಮಾಡುತ್ತಿದ್ದಳು. ನನ್ನನ್ನು ಕಂಡೂ ಇನ್ನೊಂದು ಮೀನು ಎತ್ತಿಕೊಂಡಳು.

"ನೋಡಿದ್ದನ್ನ ಬಂದು ಹೇಳು, ಸಾಕು," ಎಂದೆ.

"ನೋಡಿದ್ದು ಮಾತ್ರಾನಾ? ಆಡಿದ್ದೂ ಇದೆಯಲ್ಲ ಲೂತ್ಸೆ." ಅವಳು ಕೈಯಲ್ಲಿದ್ದ ಮೀನಿನ ತಲೆ ಚಿವುಟಿ ಎಸೆದಳು. "ಮದುವೆಗೆ ಮುಂಚೆ ನಾನು ಆಸ್ಪತ್ರೇಲಿ ನೆಲ ಒರೆಸ್ತಿದ್ದೆ. ಕಾರ್ಖಾನೆಯೋರು ಉಸಿರಿಗೆ ಒದ್ದಾಡೋದನ್ನ ಕಂಡಿದ್ದೆ. ಇದೇ ಮೆಟ್ಟಿಲ ಮೇಲೆ ನಿನ್ನ ನಿಲ್ಲಿಸಿ, ಅದನ್ನ ಕೊಡವಬೇಡ ಕಣೇ, ಒಳ್ಳೇದಲ್ಲ ಅಂದೆ. ನೀನೇನಂದೆ?"

ನಾನು ಅಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಮೈ ಬಗ್ಗದವರು ಕಟ್ಟುವ ಕತೆ ಇದು ಎಂದಿದ್ದೆ. ಮಾರನೆಯ ದಿನ ಮೀನು ಮಾರ್ಕೆಟ್ಟಿನಲ್ಲಿ ಅವಳ ಹಾಗೇ ದನಿ ಮಾಡಿ ಎಲ್ಲರನ್ನೂ ನಗಿಸಿದ್ದೆ.

"ಅದೊಂದು ಹೇಳ್ಬೇಡ ಪೆರಿನಾ. ಗೊತ್ತಿದ್ದೂ ಒಗೆದೆ ಅಂತಾದ್ರೆ ಕೇಸು ಅಲ್ಲಿಗೇ ಮುಗೀತು."

"ಕೋರ್ಟಲ್ಲಿ ಸುಳ್ಳು ಹೇಳು ಅಂತ ಕೇಳೋಕೆ ಬಂದ್ಯಾ? ಅದೂ ನನ್ನ ಹತ್ರ?"

ನಾನು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ.

ವಿಚಾರಣೆಯ ದಿನ ಪೆರಿನಾ ಕಪ್ಪು ಬಟ್ಟೆಯುಟ್ಟು ಬಂದಳು. ಶಿಮೆ ಸತ್ತು ಹನ್ನೊಂದು ವರ್ಷವಾದರೂ ಅವಳದು ಅದೇ ಶೋಕದ ಕಪ್ಪು. ಅವನನ್ನೂ ಅದೇ ಧೂಳು ತಿಂದಿತ್ತು. ನಾನು ಪ್ರತಿ ಶನಿವಾರ ಕೊಡವುತ್ತಿದ್ದದ್ದು, ಅವಳ ಹಿತ್ತಲ ಸೊಪ್ಪಿನ ಮೇಲೆ ಬಿಳಿ ಪುಡಿ ಕೂರುತ್ತಿದ್ದದ್ದು, ಅವಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದದ್ದು, ಒಂದನ್ನೂ ಬಿಡದೆ ಹೇಳಿದಳು.

ಕಂಪನಿಯ ವಕೀಲ ಕಿಟಕಿಯ ಮಾತನ್ನೇ ಹಿಡಿದುಕೊಂಡ. "ಯಾಕೆ ಮುಚ್ತಿದ್ರಿ? ಇಡೀ ಕೇರೀಲಿ ನಿಮ್ಮ ಗಂಡನ ಬಟ್ಟೆ ಮಾತ್ರ ಯಾಕೆ ಕಾರ್ಖಾನೇಲೇ ಉಳೀತಿತ್ತು? ಅಪಾಯ ಅಂತ ನಿಮಗೆ ಗೊತ್ತಿತ್ತು. ಎದುರು ಮನೆಯೋರಿಗೂ ಹೇಳಿರ್ತೀರಿ, ಅಲ್ವಾ?"

ಪೆರಿನಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಕರುಣೆಯಿದ್ದಿದ್ದರೆ ನಾನು ಅತ್ತುಬಿಡುತ್ತಿದ್ದೆ.

"ಯಾರಿಗೂ ಏನೂ ಗೊತ್ತಿರ್ಲಿಲ್ಲ ಸ್ವಾಮಿ. ಕಿಟಕಿ ಮುಚ್ತಿದ್ದಿದ್ದು ಮತ್ತೆ ಮತ್ತೆ ಒರೆಸೋಕೆ ಬೇಜಾರು ಅಂತ. ಬಟ್ಟೇನೂ ಅಷ್ಟೆ. ಮೈಗಳ್ಳಿ ನಾನು. ಬೇಕಾದ್ರೆ ಅವಳನ್ನೇ ಕೇಳಿ."

ನ್ಯಾಯಾಧೀಶೆ ನನ್ನ ಕಡೆ ತಿರುಗಿದರು. "ಹೌದೇನಮ್ಮ? ಇವರು ಹೇಳ್ತಿರೋದು ನಿಜಾನಾ?"

ಎಷ್ಟೋ ವರ್ಷ ತಾರಸಿಯಿಂದ ಕೂಗಿ ಹೇಳಿದ ಮಾತು ಅದು. ಯೆರ್ಕೊ ನನ್ನ ಮೊಣಕೈ ಒತ್ತಿದ.

"ಹೌದು. ಮೈಗಳ್ಳಿ," ಎಂದೆ. ಗುಮಾಸ್ತೆ ಅದನ್ನು ಟೈಪು ಮಾಡಿಕೊಂಡಳು.

ಹೊರಗೆ ಬಂದು ಅವಳ ಕೈ ಹಿಡಿಯಹೋದೆ. ಕೊಸರಿಕೊಂಡಳು. "ನಿನಗೋಸ್ಕರ ಹೇಳಲಿಲ್ಲ. ಶಿಮೆ ಸತ್ತಾಗ ಆ ಕಂಪನಿಯೋರು ಸಿಗರೇಟಿನಿಂದ ಸತ್ತ ಅಂತ ಬರೆದ್ರು. ಅವರು ಇನ್ನೊಂದ್ಸಲ ಗೆಲ್ಲಬಾರದು, ಅಷ್ಟೆ." ಬಸ್ಸಿನಲ್ಲಿ ಡ್ರೈವರನ ಹಿಂದೆ ದೂರ ಹೋಗಿ ಕೂತಳು.

ಕೇಸು ಗೆದ್ದೆವು. ಕಂಪನಿಯ ಹೆಸರು ತೀರ್ಪಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿದೆ. ಯೆರ್ಕೊ ಅದನ್ನು ಎರಡು ಸಲ ಓದಿ ಹೇಳಿದ. ನಾಲ್ಕನೆಯ ಪುಟಕ್ಕೆ ಬಂದಾಗ ಅವನು ಕಾಗದವನ್ನು ನನ್ನ ಕಡೆ ಚಾಚಿದ. ಕನ್ನಡಕ ಹಾಕಿಕೊಂಡು ನಾನೇ ಓದಿದೆ. 'ಸಾಕ್ಷಿ ಪೆರಿನಾ ಸ್ವಭಾವತಃ ಮೈಗಳ್ಳಿಯಾಗಿದ್ದು, ಅಪಾಯದ ಅರಿವಿಲ್ಲದೆ ಕೇವಲ ಸೋಮಾರಿತನದಿಂದ ಗಂಡನ ಬಟ್ಟೆ ಒಗೆಯುತ್ತಿರಲಿಲ್ಲ. ಇದನ್ನು ವಾದಿಯೂ ದೃಢಪಡಿಸಿದ್ದಾರೆ.' ಕೆಳಗೆ ನ್ಯಾಯಾಲಯದ ಮೊಹರು ಬಿದ್ದಿತ್ತು.