ಕಂಬಳಿ ಹಾಸಿದ ಹರಿಗೋಲು

ನಡುಗಡ್ಡೆಯಾದ ಮೇಲೆ ಗುಬ್ಬಿಗುಡ್ಡಕ್ಕೆ ಎಲ್ಲಿಲ್ಲದ ಬೆಲೆ ಬಂತು. ಮಾರಿಕಣಿವೆಗೆ ಕಟ್ಟೆ ಕಟ್ಟುವ ಮುಂಚೆ ಕುರಿ ಕಾಯುವವರನ್ನು ಬಿಟ್ಟರೆ ಆ ಗುಡ್ಡವನ್ನು ನರಪಿಳ್ಳೆಯೂ ಹತ್ತುತ್ತಿರಲಿಲ್ಲ. ಕಟ್ಟೆ ಎದ್ದು, ವೇದಾವತಿ ಹಿಂದಕ್ಕೆ ಹರಡಿಕೊಂಡು, ಗುಡ್ಡದ ಬುಡದ ಗುಬ್ಬಿಹಳ್ಳಿ ನೀರೊಳಗೆ ಹೋಗಿದ್ದೇ ತಡ, ದುರ್ಗದಿಂದ, ತುಮಕೂರಿನಿಂದ, ಬೆಂಗಳೂರಿನಿಂದ ಕೂಡ ಕೊಡೆ ಹಿಡಿದ ಹೆಂಗಸರೂ ಬೂಟು ಹಾಕಿದ ಗಂಡಸರೂ ಅದನ್ನು ನೋಡಲು ಬರತೊಡಗಿದರು. ಬಂದವರು ಬುತ್ತಿ ಬಿಚ್ಚಿಕೊಂಡು ಕೂತು, ಗಾಳಿ ಎಷ್ಟು ತಂಪು ಎನ್ನುತ್ತಿದ್ದರು. ಆ ತಂಪು ಯಾರ ಮನೆ ಮುಳುಗಿಸಿ ಬಂದದ್ದು ಎಂದು ಕೇಳುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಲ್ಲಿಗೆ ಹೋಗುವುದೇನು ಸುಲಭವೇ? ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಇಳಿಯಬೇಕು. ಕಮಾನು ಗಾಡಿ ಹಿಡಿದು ಮೈಯೆಲ್ಲ ಕುಲುಕಿಸಿಕೊಂಡು ಹೊಸದುರ್ಗ ಸೇರಬೇಕು. ಛತ್ರದಲ್ಲಿ ತಿಗಣೆಗೆ ರಕ್ತದಾನ ಮಾಡಿ, ಮಾರನೆ ದಿನ ಮತ್ತೆ ಗಾಡಿ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ನೀರಿನಂಚು ಸಿಗುತ್ತದೆ. ಅಲ್ಲಿಂದಾಚೆ ಕುರುಬರ ರಂಗಪ್ಪನ ಹರಿಗೋಲೇ ಗತಿ. ಬಿದಿರು ಹೆಣೆದು ಹೊರಗೆ ಚರ್ಮ ಹೊಲಿದ, ಬುಟ್ಟಿಯಂಥ ದೋಣಿ ಅದು. ನಡುಗಡ್ಡೆಯಲ್ಲಿ ಇಳಿದ ಮೇಲೆ ಗಟ್ಟಿಕಾಲಿನವರಿಗೆ ಕಾಲುದಾರಿ, ನಾಜೂಕಿನವರಿಗೆ ಡೋಲಿ.

ಆ ವರ್ಷದ ಮಳೆಗಾಲದಲ್ಲಿ ಹೊಳಲ್ಕೆರೆಯ ಮರುಳಸಿದ್ದಮ್ಮನೂ ಇದೇ ದಾರಿ ಹಿಡಿದಳು. ಆಕೆಗೆ ಗಾಳಿ ಬೇಕಿರಲಿಲ್ಲ. ಆಕೆಯ ಮಗ ಆ ಗುಡ್ಡದಲ್ಲಿ ಮಣ್ಣಾಗಿದ್ದ.

ಗುಬ್ಬಿಹಳ್ಳಿ ಇನ್ನೂ ಊರಾಗಿದ್ದ ಕಾಲದಲ್ಲಿ ಪ್ಲೇಗು ಬಂದಿತ್ತು. ಜನ ಮನೆ ಬಿಟ್ಟು ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡಿದ್ದರು. ಮಗ ಮುರುಗೇಶಪ್ಪನಿಗೆ ಅಲ್ಲಿಯೇ ಕಂಕುಳಲ್ಲಿ ಗಡ್ಡೆ ಎದ್ದು, ಅಲ್ಲಿಯೇ ಜೀವ ಹೋಯಿತು. ಕರೆಯಲು ಹೋದವನಿಗೆ ಅಯ್ಯನವರು ಬಾಗಿಲು ತೆಗೆಯಲಿಲ್ಲ. ಹೆದರಿಕೆ ಅವರಿಗೂ ಇರುತ್ತದಲ್ಲ. ತಲೆಯ ಮೇಲೆ ಜಂಗಮರ ಪಾದವಿಲ್ಲ, ಬಾಯಿಗೆ ಆ ಪಾದ ತೊಳೆದ ಪಾದೋದಕವಿಲ್ಲ, ಗುಂಡಿಗೆ ಒಂದು ಹಿಡಿ ವಿಭೂತಿಯೂ ಇಲ್ಲದೆ ಹುಡುಗನನ್ನು ಕೂರಿಸಿ ಮಣ್ಣು ಮುಚ್ಚಿದರು. ಲಿಂಗದಲ್ಲಿ ಐಕ್ಯವಾಗಬೇಕಾದವನು ಬರೀ ಮಣ್ಣಾದನಲ್ಲ ಎಂಬ ಮುಳ್ಳು ಮರುಳಸಿದ್ದಮ್ಮನ ಎದೆಯಲ್ಲಿ ಅಂದೇ ಮುರಿದುಕೊಂಡಿತು. ಆಮೇಲೆ ಊರೂ ಮುಳುಗಿತು. ಆಕೆ ಸೊಸೆ ಕೊಟ್ರಮ್ಮನನ್ನು ಕರೆದುಕೊಂಡು ಹೊಳಲ್ಕೆರೆಯ ತಮ್ಮನ ಮನೆ ಸೇರಿದಳು. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಲೇ ಕಾಲ ಕಳೆಯಿತು.

ಈ ಸಲ ಮೇಲುಸೀಮೆಯಲ್ಲಿ ಮಳೆ ಹುಯ್ದಿತ್ತು. ಕುರಿ ಹೊಡೆದುಕೊಂಡು ಹೊಳಲ್ಕೆರೆ ಕಡೆ ಬಂದವರ ಕೈಲಿ ರಂಗಪ್ಪ ಹೇಳಿ ಕಳಿಸಿದ್ದ: "ಅವ್ವಾರಿಗೆ ಹೇಳ್ರಪ್ಪ, ಗುಡ್ಡಕ್ಕೆ ನೀರು ಏರ್ತಾ ಐತೆ. ಮುರುಗೇಶಣ್ಣನ ಸಮಾಧಿ ಇನ್ನು ಭಾಳ ದಿನ ಕಾಣಾಕಿಲ್ಲ." ಅವತ್ತೇ ಮರುಳಸಿದ್ದಮ್ಮ ಮಠಕ್ಕೆ ಹೋಗಿ, ಸ್ವಾಮಿಗಳ ಪಾದೋದಕವನ್ನು ಹಿತ್ತಾಳೆ ಗಿಂಡಿಗೆ ತುಂಬಿಸಿಕೊಂಡು, ಬಾಯಿಗೆ ಮೇಣ ಮೆತ್ತಿಸಿ ಬಟ್ಟೆ ಕಟ್ಟಿದಳು. ವಿಭೂತಿ ಗಟ್ಟಿಗಳನ್ನು ಮಡಿಲಿಗೆ ಹಾಕಿಕೊಂಡಳು. ಪಾದೋದಕ ಮಗನ ಸಮಾಧಿಗೆ ಬೀಳುವ ತನಕ ಅದಕ್ಕೆ ಮೈಲಿಗೆ ಸೋಕಿಸುವುದಿಲ್ಲ ಎಂದು ಪಣ ತೊಟ್ಟಳು. ಆಕೆಯ ಮಡಿಯೇನು ಸಾಮಾನ್ಯದ್ದಲ್ಲ. ಎತ್ತು ಹೂಡಿ ಬಾವಿಯಿಂದ ಕಪಿಲೆಯ ಚರ್ಮದ ಬಾನಿಯಲ್ಲಿ ಎತ್ತಿದ ನೀರನ್ನು ಬಾಯಾರಿ ಸತ್ತರೂ ಮುಟ್ಟುವವಳಲ್ಲ.

ಕೊಟ್ರಮ್ಮನಿಗೆ ಮಾತ್ರ ಈ ಪ್ರಯಾಣ ಹಬ್ಬವಾಗಿತ್ತು. ಪಾಪ, ಗಂಡನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಮುಂಡೆಯಾದವಳು. ಅಡುಗೆಮನೆಯ ಹೊಗೆ ಬಿಟ್ಟರೆ ಬೇರೆ ಹೊಗೆ ಕಂಡಿರಲಿಲ್ಲ. ರೈಲಿನ ಕಿಡಿ ಕಣ್ಣಿಗೆ ಬಿದ್ದು ನೀರು ಸುರಿಯುತ್ತಿದ್ದರೂ ಕಿಟಕಿ ಬಿಡಲಿಲ್ಲ.

"ಅತ್ತೇ, ಆ ನಡುಗಡ್ಡೆ ಮ್ಯಾಗೆ ಡೋಲಿ ಐತಂತೆ. ಒಂದು ಸಲ ಕುಂತ್ಕಳಾಣ?"

"ಕುಂತ್ಕ. ಮದುವಣಗಿತ್ತಿ ನೋಡು ನೀನು!" ಎಂದಳು ಮರುಳಸಿದ್ದಮ್ಮ. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ಮಗ ಸತ್ತ ಹೊಸದರಲ್ಲಿ ಇದೇ ನಾಲಗೆ ಈ ಹುಡುಗಿಯನ್ನು ಗಂಡನನ್ನು ತಿಂದವಳು ಎಂದಿತ್ತು. ಹುಡುಗಿ ಮರೆತಿದ್ದಳೋ, ಮರೆತವಳಂತೆ ಇದ್ದಳೋ, ಅತ್ತೆಯ ಕಾಲೊತ್ತುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಇಬ್ಬರೂ ನೀರಿನಂಚಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಗಾಡಿ ಹೊಡೆಯುತ್ತಿದ್ದ ಜಂಬಣ್ಣ ಎತ್ತಿನ ಕೊರಳಹಗ್ಗ ಬಿಚ್ಚಿದ. ರಂಗಪ್ಪ ಹರಿಗೋಲನ್ನು ಬೋರಲು ಹಾಕಿಕೊಂಡು ಅದರ ತಳಕ್ಕೆ ರಾಳ ಮೆತ್ತುತ್ತಿದ್ದ. ಒಂದು ಕಾಲದಲ್ಲಿ ಈತನ ಕುರಿಮಂದೆ ಮರುಳಸಿದ್ದಮ್ಮನ ಹೊಲದಲ್ಲಿಯೇ ಗೊಬ್ಬರಕ್ಕೆ ನಿಲ್ಲುತ್ತಿತ್ತು. ಆಕೆಯನ್ನು ಕಂಡವನೇ ಎದ್ದು ಕೈ ಮುಗಿದ.

"ಬರ್ರಿ ಅವ್ವಾ. ಇವತ್ತು ರಾತ್ರಿ ನಮ್ಮ ಗುಡ್ಲಾಗೆ ಇರ್ರಿ, ಬೆಳಿಗ್ಗೆ ಹೋಗಾಣ."

"ಸಮಾಧಿಗೆ ನೀರು ಎಷ್ಟು ದೂರ ಐತಪ್ಪ?"

ರಂಗಪ್ಪ ತಲೆ ಕೆರೆದುಕೊಂಡ. "ಮಧ್ಯಾಹ್ನ ನೋಡ್ದಾಗ ಒಂದಾಳು ಮಲಗೋಷ್ಟು ಜಾಗ ಇತ್ತು."

"ಹಂಗಾದ್ರೆ ಬೆಳಿಗ್ಗೆ ಹೋಗಿ ನೀರಿಗೆ ವಿಭೂತಿ ಹಚ್ಲೇನೋ? ಈಗ್ಲೇ ಹೋಗಾಣ."

ರಂಗಪ್ಪ ಹರಿಗೋಲಿನ ತಳ ತೋರಿಸಿದ. ನಡುಗಡ್ಡೆ ನೋಡುವವರ ಬೂಟಿನ ಮೊಳೆ ಒಳಗೆ ಗೀರಿತ್ತು. ಇಳಿಯುವ ಅವಸರದಲ್ಲಿ ಅವರು ಕಲ್ಲಿನ ಮೇಲೆ ದರದರ ಎಳೆದದ್ದು ಹೊರಗೆ ತರಿದಿತ್ತು. ಹೊಲಿಗೆಯ ಒಂದು ಕಡೆ ಬಿಟ್ಟಿತ್ತು. ಬೆಳಗಿನ ತಂಡ ಇನ್ನೂ ಗುಡ್ಡದ ಮೇಲೆಯೇ ಇತ್ತು. ಅವರನ್ನು ಕತ್ತಲಾಗುವ ಮುಂಚೆ ಕರೆತರಬೇಕಾದ್ದರಿಂದ, ಹಸಿ ರಾಳದಲ್ಲಿಯೇ ತಾನೊಬ್ಬ ಹಗುರಾಗಿ ಹೋಗಿಬರಲು ಹೊರಟಿದ್ದ.

"ಹೆಂಗೂ ಹೋಗ್ತಿಯಲ್ಲ. ನಾವಿಬ್ರು ಅದೆಂಥ ಭಾರ?" ಎಂದಳು ಮರುಳಸಿದ್ದಮ್ಮ. "ರಂಗಾ, ಅವನನ್ನ ನಿನ್ನ ಹೆಗಲ ಮ್ಯಾಗೆ ಹೊತ್ತು ಆಡಿಸಿದ್ದೀಯ."

ಆ ಮಾತಿಗೆ ರಂಗಪ್ಪ ಸೋತ. ಹರಿಗೋಲನ್ನು ನೀರಿಗೆ ಬಿಟ್ಟ. "ಹೊಲಿಗೆ ಮ್ಯಾಗೆ ಕಣ್ಣಿಟ್ಟಿರ್ತೀನಿ. ಒದ್ದೆಯಾದ ಕೂಡ್ಲೆ ಹಿಮ್ಮಡಿ ಒತ್ತಿ ಹಿಡಿದ್ರೆ ಏನೂ ಆಗಾಕಿಲ್ಲ" ಎಂದ.

ಅಷ್ಟಾದರೆ ಎಲ್ಲವೂ ಸರಿಹೋಗುತ್ತಿತ್ತೇನೋ. ಆದರೆ ಮರುಳಸಿದ್ದಮ್ಮ ಎತ್ತಿದ ಕಾಲನ್ನು ಗಾಳಿಯಲ್ಲಿಯೇ ನಿಲ್ಲಿಸಿದಳು. ಬಿದಿರಿನ ಸಂದುಸಂದಿನಲ್ಲಿ ಕಪ್ಪು ಚರ್ಮ ಕಾಣುತ್ತಿತ್ತು.

"ಇದರಾಗೆ ಪಾದೋದಕ ಇಟ್ಕಂಡು ಹೆಂಗೋ ಕುಂತ್ಕಳ್ಳಿ? ನಾನಾದ್ರೆ ಮನೆಗೆ ಹೋಗಿ ಸ್ನಾನ ಮಾಡ್ತೀನಿ. ಇದು ನನ್ನ ಮಗನ ಬಾಯಿಗೆ ಹೋಗೋದು."

ಅಷ್ಟರಲ್ಲಿ ರಂಗಪ್ಪನ ಮುಖ ಅರಳಿತು. ಹೆಗಲ ಮೇಲಿನ ಕರೀ ಕಂಬಳಿಯನ್ನು ಕೊಡವಿ, ಹರಿಗೋಲಿನ ತಳದ ತುಂಬ ಹಾಸಿಯೇಬಿಟ್ಟ. "ಕಂಬಳಿಗೆ ಎಲ್ಲಿ ಮೈಲಿಗೆ ಅವ್ವಾ? ದೇವರನ್ನೇ ಇದರ ಮ್ಯಾಗೆ ಕುಂದ್ರುಸ್ತೀವಿ. ನಮ್ಮ ಮನ್ಯಾಗೆ ಈರಕ್ಕ ನೂತ ಉಣ್ಣೆ ಇದು. ಬರ್ರಿ." ಎಲ್ಲ ಜಾತಿಯವರಿಗೂ ಗೊತ್ತಿದ್ದ ಮಾತು ಅದು. ಮರುಳಸಿದ್ದಮ್ಮನ ಮನಸ್ಸು ತಣ್ಣಗಾಯಿತು. ಹುಟ್ಟುಗೋಲು ಕೈಗೆತ್ತಿಕೊಂಡ ಮೇಲೆ ರಂಗಪ್ಪ ಒಮ್ಮೆ ತಳ ನೋಡಿದ. ಹೊಲಿಗೆ ಕಂಬಳಿಯ ಅಡಿಯಲ್ಲಿತ್ತು. ಒಂದು ತುದಿ ಮಡಚಲೇ ಎಂದುಕೊಂಡ. ಅಷ್ಟು ನೆಮ್ಮದಿಯಾಗಿ ಕೂತ ಅವ್ವನನ್ನು ಏಳಿಸುವುದು ಹೇಗೆ ಎಂದು ಸುಮ್ಮನಾದ.

ಗಾಳಿ ಎದುರಿತ್ತು. ಹರಿಗೋಲು ತಿರುಗುತ್ತ ತಿರುಗುತ್ತ ಹೋಯಿತು. ಕೊಟ್ರಮ್ಮ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಗ್ಗಿ ನೀರು ನೋಡಿ, "ಅತ್ತೇ, ನಮ್ಮ ಮನೆ ಎಲ್ಲಿ ಬರ್ತದೆ? ಇದರ ಕೆಳಗೇನಾ?" ಎಂದು ಕೇಳಿದಳು. ಮರುಳಸಿದ್ದಮ್ಮ ತಾನೂ ನೀರಿನತ್ತ ಬಗ್ಗಿದಳು. ಅಲ್ಲೆಲ್ಲೋ ತನ್ನ ಒರಳುಕಲ್ಲು ಇನ್ನೂ ನೆಟ್ಟಗೆ ಕೂತಿರಬಹುದು ಎನಿಸಿತು.

ಅರ್ಧ ದಾರಿ ಕಳೆದ ಮೇಲೆ ಕೊಟ್ರಮ್ಮ ಮಿಸುಕಾಡಿದಳು. "ಅತ್ತೇ, ಕಂಬಳಿ ತಣ್ಣಗೈತೆ."

"ನೀರಿನ ಮ್ಯಾಗೆ ಕುಂತು ಬೆಚ್ಚಗೆ ಇರ್ತದೇನೆ? ಸುಮ್ಕಿರು."

ಹುಡುಗಿ ಸುಮ್ಮನಾದಳು. ಅತ್ತೆ ಸುಮ್ಮನಿರು ಎಂದರೆ ಸುಮ್ಮನಿರುವುದು ಆಕೆಗೆ ರೂಢಿ. ಕುರಿಯ ಉಣ್ಣೆ ಕಳ್ಳ ಉಣ್ಣೆ. ಅಡಿಯಿಂದ ಕುಡಿಯುತ್ತಲೇ ಇರುತ್ತದೆ, ಹೊಟ್ಟೆ ತುಂಬುವ ತನಕ ಮೇಲಿನವರಿಗೆ ಗುಟ್ಟು ಬಿಡುವುದಿಲ್ಲ. ನಡುಗಡ್ಡೆಯ ಕಲ್ಲುಗಳು ಕಣ್ಣಿಗೆ ಬಿದ್ದವು. ಬುತ್ತಿ ಮುಗಿಸಿದ ತಂಡದವರು ಕೊಡೆ ಬೀಸಿ ಕರೆಯುತ್ತಿದ್ದುದೂ ಕಂಡಿತು. ಅದೇ ಹೊತ್ತಿಗೆ ಹುಟ್ಟುಗೋಲು ಭಾರವಾಯಿತು ಎಂದು ರಂಗಪ್ಪ ಕಾಲಿನತ್ತ ನೋಡಿದ. ಕಂಬಳಿಯ ಮೇಲೆ ನೀರು ಎದ್ದು ಹೊಳೆಯುತ್ತಿತ್ತು.

"ಅಯ್ಯಯ್ಯೋ, ಏಳ್ರಿ! ಕಂಬಳಿ ಎಳೀಬೇಕು!"

ಮೂವರ ಭಾರಕ್ಕೆ ಸಿಕ್ಕಿದ ಹಸಿ ಕಂಬಳಿ ಅಲುಗಲಿಲ್ಲ. ಅತ್ತೆ ಸೊಸೆ ಒಟ್ಟಿಗೆ ಒಂದೇ ಕಡೆ ಎದ್ದರು. ಅಡಿಯಲ್ಲಿ ಹೊಲಿಗೆ ಪರ್ರೆಂದು ಬಿಚ್ಚಿತು, ಹರಿಗೋಲು ಮಗುಚಿತು.

"ಅಂಚು ಹಿಡಕಳ್ರಿ!" ಎಂದು ರಂಗಪ್ಪ ಕೂಗಿದ್ದು ಇಬ್ಬರಿಗೂ ಕೇಳಿಸಿತು. ಆದರೆ ಅದರ ಹಿಂದೆಯೇ ಮರುಳಸಿದ್ದಮ್ಮನ ಬಾಯಿಂದ ಇನ್ನೊಂದು ಕೂಗು ಬಂತು.

"ಗಿಂಡಿ! ಗಿಂಡಿ ಹಿಡ್ಕಳೇ ಕೊಟ್ರೀ!"

ಕೊಟ್ರಮ್ಮ ಹಿಡಿದುಕೊಂಡಳು. ಅತ್ತೆ ಹೇಳಿದ್ದನ್ನು ಯಾವತ್ತು ಮಾಡಿಲ್ಲ ಅವಳು? ಎರಡೂ ಕೈಯಲ್ಲಿ ಗಿಂಡಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡಳು. ಹಾಳು ಕಂಬಳಿ ಕಾಲಿಗೆ ಸುತ್ತಿಕೊಂಡಿತು. ರಂಗಪ್ಪ ಬೋರಲು ಬಿದ್ದ ಹರಿಗೋಲನ್ನು ಮುದುಕಿಯ ಕಡೆ ನೂಕಿದ. ಮರುಳಸಿದ್ದಮ್ಮ ಅದರ ಮೇಲೆ ಬಿದ್ದು, ಎದೆಯ ಮೇಲಿನ ಲಿಂಗದ ಸಮೇತ ಆ ಕಪ್ಪು ಚರ್ಮವನ್ನು ತಬ್ಬಿ ಹಿಡಿದಳು. ಹಾಗೆ ಹಿಡಿದುಕೊಂಡೇ ನೋಡಿದಳು. ಹಿತ್ತಾಳೆ ಗಿಂಡಿ ಸಂಜೆಯ ಬಿಸಿಲಿಗೆ ಒಂದು ಸಲ ಮಿರುಗಿತು. ಆಮೇಲೆ ಅದನ್ನು ಹಿಡಿದ ಬೆರಳುಗಳೂ ಇಲ್ಲವಾದವು. ರಂಗಪ್ಪ ಮುಳುಗಿ ಮುಳುಗಿ ಎದ್ದ, ಬರಿಗೈಯಲ್ಲಿ.

ರಂಗಪ್ಪ ಮುದುಕಿಯನ್ನು ನಡುಗಡ್ಡೆಯ ದಡ ಸೇರಿಸಿದ. ತಂಡದ ಗಂಡಸರಲ್ಲೊಬ್ಬ ಹರಿದ ಹರಿಗೋಲನ್ನು ಕೋಲಿನಿಂದ ಚುಚ್ಚಿ ನೋಡಿ, "ಹಾಗಾದರೆ ನಾವು ಹೋಗುವುದು ಹೇಗೆ?" ಎಂದ. ರಂಗಪ್ಪ ಅವನ ಬೂಟು ನೋಡಿದ, ಮುಖ ನೋಡಲಿಲ್ಲ. ಆ ತಂಡದ ಒಬ್ಬ ಹೆಂಗಸು ಮಾತ್ರ ತನ್ನ ಶಾಲು ಬಿಚ್ಚಿ ಮುದುಕಿಗೆ ಹೊದಿಸಿ, ಪಕ್ಕದಲ್ಲಿ ಕೂತಳು.

ಬೆಳಗಿನ ಜಾವ ರಂಗಪ್ಪನಿಗೆ ಕೊಟ್ರಮ್ಮ ಸಿಕ್ಕಿದಳು. ಮುಳುಗಿದ ಗುಬ್ಬಿಹಳ್ಳಿಯ ಜಾಲಿಮರದ ಕೊಂಬೆಯೊಂದು ಅವಳ ಸೆರಗನ್ನು ಬಿಟ್ಟಿರಲಿಲ್ಲ. ಗಿಂಡಿಯನ್ನು ಅವಳೂ ಬಿಟ್ಟಿರಲಿಲ್ಲ. ಬೆರಳು ಬಿಡಿಸಿ ನೋಡಿದರೆ ಬಾಯಿಯ ಮೇಣ ಹಾಗೆಯೇ ಇತ್ತು, ಒಳಗೆ ಪಾದೋದಕ ಕುಲುಕುತ್ತಿತ್ತು.

ಮಗನ ಸಮಾಧಿಯ ಕಲ್ಲಿಗೆ ಆಗಲೇ ನೀರು ತಾಗಿತ್ತು. ಕಲ್ಲಿನ ನೆತ್ತಿ ಇನ್ನೂ ಒಣಗಿತ್ತು. ಈಗ ಸುರಿದರೆ ಸಲ್ಲುತ್ತದೆ, ಮಧ್ಯಾಹ್ನಕ್ಕೆ ಇಲ್ಲ.

"ಅವ್ವಾ, ಹೊತ್ತಾಗ್ತೈತೆ. ಮೊದ್ಲು ಅಣ್ಣಂಗೆ ಮುಗಿಸ್ರಿ" ಎಂದ ರಂಗಪ್ಪ.

ಮರುಳಸಿದ್ದಮ್ಮ ಗಿಂಡಿ ಹಿಡಿದು ಸಮಾಧಿಯ ಹತ್ತಿರ ಹೋದಳು. ಬಹಳ ಹೊತ್ತು ನಿಂತಳು. ಹಿಂದಕ್ಕೆ ಬಂದಳು. ಡೋಲಿಯವರನ್ನು ಕರೆದು, ಸೊಸೆಯನ್ನು ಡೋಲಿಯಲ್ಲಿ ಮಲಗಿಸಿ ಗುಡ್ಡದ ನೆತ್ತಿಗೆ, ನೀರು ಎಂದೂ ಏರದ ಕಡೆಗೆ ಹೊರಿಸಿದಳು. ತಾನು ಪಕ್ಕದಲ್ಲಿ ನಡೆದಳು. ಗುಂಡಿ ತೋಡಿದರು. ಈ ಸಲವೂ ಅಯ್ಯನವರಿರಲಿಲ್ಲ. ಮಡಿಲಿನ ವಿಭೂತಿ ಕೆಸರಾಗಿತ್ತು. ಅದನ್ನೇ ಬಳಿದು ಹುಡುಗಿಯ ಹಣೆಗೆ ಹಚ್ಚಿದಳು. ಮೇಣ ಕಿತ್ತು, ಮಗನಿಗೆಂದು ತಂದ ಪಾದೋದಕವನ್ನು ಒಂದು ಹನಿಯೂ ಉಳಿಸದೆ ಸೊಸೆಯ ತುಟಿಗೂ ನೆತ್ತಿಗೂ ಸುರಿದಳು.

"ಅವನನ್ನ ಪ್ಲೇಗು ತಿಂತು" ಎಂದಳು. "ಇವಳನ್ನ ತಿಂದೋಳು ನಾನು."

ರಂಗಪ್ಪ ತಲೆ ಬಗ್ಗಿಸಿ, ಕಂಬಳಿ ಹಾಸಿದ್ದು ತಾನು ಎಂದು ಗೊಣಗಿದ. ಆಕೆಗೆ ಅದು ಕೇಳಿಸಲಿಲ್ಲ.

ಹಗಲೇರಿದ ಮೇಲೆ ರಂಗಪ್ಪನ ಭಾವಮೈದುನ ಪಾಪಣ್ಣ ಇನ್ನೊಂದು ಹರಿಗೋಲು ತಂದ. ಮೊದಲು ನೋಡಲು ಬಂದವರು ಹೋದರು. ಅವರಿಗೆ ರೈಲು ತಪ್ಪಬಾರದಲ್ಲ. ಎರಡನೆಯ ಸಲ ಮರುಳಸಿದ್ದಮ್ಮನ ಸರದಿ ಬಂತು. ಆ ಹೊತ್ತಿಗೆ ಮುರುಗೇಶಪ್ಪನ ಕಲ್ಲು ಕಾಣುತ್ತಿರಲಿಲ್ಲ. ಪಾಪಣ್ಣ ಆಕೆಯ ಮಡಿಯ ವಿಷಯ ಕೇಳಿ ಬಲ್ಲವನು, ಒಳ್ಳೆಯವನು. ತನ್ನ ಹೊಸ ಕಂಬಳಿಯನ್ನು ಹರಿಗೋಲಿನ ತಳದಲ್ಲಿ ಸುಕ್ಕಿಲ್ಲದಂತೆ ಹಾಸಿ, ಕೈ ಕಟ್ಟಿ ನಿಂತಿದ್ದ.

ಮರುಳಸಿದ್ದಮ್ಮ ನೀರಿನಂಚಿಗೆ ಬಂದು ನಿಂತಳು. ಹರಿಗೋಲಿನೊಳಕ್ಕೆ ಬಗ್ಗಿ ಆ ಕಂಬಳಿಯನ್ನು ನೋಡಿದಳು.

"ತೆಗಿಯಪ್ಪಾ ಅದನ್ನ" ಎಂದಳು. "ತಳ ಕಾಣ್ಲಿ."

ಪಾಪಣ್ಣ ಕಂಬಳಿ ಸುತ್ತಿಕೊಂಡ. ಆಕೆ ಬರಿಗಾಲನ್ನು ಒದ್ದೆ ಚರ್ಮದ ಮೇಲಿಟ್ಟು, ಒಳಗೆ ಕೂತು, ಖಾಲಿ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡಳು.